ಮೊಂಡಿಗೆ ಮೊದಲ ಗುಟುಕು

ಜನವರಿ 9

ಪ್ರೀತಿಯ ಅಕ್ಕ,

ಫೋನ್ ಎತ್ತುವುದಿಲ್ಲ ಎಂದು ಶಪಥ ಮಾಡಿದ್ದೀಯಾ? ನಾನು ಫೋನ್ ಮಾಡಿದಾಗಲೆಲ್ಲ ಭಾವನೇ ಎತ್ತಿ, "ಮಷಿನ್ ಸದ್ದಲ್ಲಿ ಅವಳಿಗೆ ಏನೂ ಕೇಳ್ಸಲ್ಲಪ್ಪ, ನೀನು ಕಾಗದ ಬರೀಬೇಕಂತೆ" ಎನ್ನುತ್ತಾರೆ. ನಾನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಉದ್ದಕ್ಕೆ ಬರೆಯಬೇಕಂತೆ. ಲಾಂಡ್ರಿ ನಡೆಸುವವಳಿಗೆ ಇದ್ದಕ್ಕಿದ್ದ ಹಾಗೆ ಸಾಹಿತ್ಯದ ಹುಚ್ಚು ಹಿಡಿದಿದೆ ಎಂದುಕೊಂಡೆ. ಆಗಲಿ, ಬರೆಯುತ್ತೇನೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಕೇಳಿದವರಿಗೆ "ಅವನು ಲ್ಯಾಬಲ್ಲಿ ಏನೋ ಬೆಳಸ್ತಾನೆ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತೀಯಂತೆ. ಬೆಳೆಸುವುದು ನಿಜ. ಕ್ಯಾನ್ಸರ್ ರೋಗಿಗಳಿಂದ ತೆಗೆದ ಜೀವಕೋಶಗಳು ಬೇರೆ ಬೇರೆ ಆಸ್ಪತ್ರೆಗಳಿಂದ ನಮ್ಮ ಸಂಸ್ಥೆಗೆ ಬರುತ್ತವೆ. ಹೆಸರಿರುವುದಿಲ್ಲ, ಒಂದು ನಂಬರ್ ಮಾತ್ರ. ಅವನ್ನು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಹಾಕಿ, ಗುಲಾಬಿ ಬಣ್ಣದ ಪೋಷಕ ದ್ರವ ಹೊಯ್ದು, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ಸಾಕುತ್ತೇನೆ. ಬೆಳೆದ ಮೇಲೆ ಔಷಧಿ ಹಾಕಿ ಯಾವುದಕ್ಕೆ ಸಾಯುತ್ತವೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ನೋಡುತ್ತೇವೆ. ಹೆಚ್ಚಿನವು ಔಷಧಿಯ ತನಕ ಹೋಗುವುದೇ ಇಲ್ಲ, ಬಂದ ಸ್ವಲ್ಪ ದಿನಕ್ಕೇ ಸೊರಗಿಬಿಡುತ್ತವೆ.

ಆದರೆ ಕಳೆದ ತಿಂಗಳು ಒಂದು ಬಂತು ನೋಡು! ಯಾರೋ ಹೆಂಗಸಿನ ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಿಂದ ತೆಗೆದದ್ದು. ತಟ್ಟೆಗೆ ಅಂಟಿಕೊಂಡದ್ದೇ ಅಂಟಿಕೊಂಡದ್ದು. ಬೇರೆ ತಟ್ಟೆಗೆ ಬದಲಿಸೋಣ ಎಂದು ಬಿಡಿಸಲು ಹೋದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ನನಗೆ ಥಟ್ಟನೆ ನೆನಪಾದವಳು ನೀನು. ಶಾಲೆಗೆ ಹೋಗಲ್ಲ ಎಂದು ನೀನು ಗೇಟಿನ ಸರಳು ಹಿಡಿದು ನಿಂತ ಕಥೆಯನ್ನು ಅಮ್ಮ ಎಷ್ಟು ಸಲ ಹೇಳಿಲ್ಲ! ಅಪ್ಪ ಒಂದು ಬೆರಳು ಬಿಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿಯುತ್ತಿತ್ತಂತೆ. ಅವತ್ತಿನಿಂದಲೇ ಅಲ್ಲವೇ ನಿನಗೆ ಮನೆಯಲ್ಲಿ 'ಮೊಂಡಿ' ಎಂದು ಹೆಸರು ಬಿದ್ದದ್ದು? ಅದನ್ನೇ ಇವಳಿಗೂ ಇಟ್ಟಿದ್ದೇನೆ. ಈಗ ಲ್ಯಾಬ್ ನಡೆಸುವ ನಮ್ಮ ಮೇಡಂ ಕೂಡ ಬೆಳಿಗ್ಗೆ ಬಂದವರೇ "ಮೊಂಡಿದು ತಿಂಡಿ ಆಯ್ತಾ?" ಎಂದು ಕೇಳುತ್ತಾರೆ.

ಸಿಟ್ಟು ಮಾಡಿಕೊಳ್ಳಬೇಡ. ನಮ್ಮ ಲ್ಯಾಬಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ನಿನ್ನ ತಮ್ಮ

ಜನವರಿ 21

ತಮ್ಮಾ,

ಇಸ್ತ್ರಿ ಮಾಡುತ್ತಲೇ ನಿನ್ನ ಕಾಗದ ಓದುತ್ತಿದ್ದೆ. ಮೊಂಡಿ ಎಂಬ ಹೆಸರು ಕಂಡದ್ದೇ ಕೈ ಅಲ್ಲೇ ನಿಂತುಬಿಟ್ಟಿತು. ಹೊಗೆ ಎದ್ದ ಮೇಲೆ ಎಚ್ಚರ. ಒಬ್ಬ ವಕೀಲರ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕೂತಿದೆ. ಇಷ್ಟು ವರ್ಷದಲ್ಲಿ ನಾನು ಸುಟ್ಟ ಮೊದಲ ಬಟ್ಟೆ ಅದು. "ವಕೀಲ್ರು ಕೋಟು ಹಾಕ್ತಾರೆ ಬಿಡು, ಬೆನ್ನು ಯಾರಿಗೆ ಕಾಣುತ್ತೆ" ಎಂದು ನಿಮ್ಮ ಭಾವ ಸಮಾಧಾನ ಮಾಡಿದರು.

ಆ ಹೆಸರು ಯಾಕಿಟ್ಟೆ? ನಿಜ ಹೇಳು. ಯಾರಾದರೂ ನಿನಗೆ ಏನಾದರೂ ಹೇಳಿದರಾ? ಭಾವ ಹೇಳಿದರಾ? ತಮಾಷೆಯ ಹಾಗೆ ಬರೆದು ನನ್ನ ಬಾಯಿ ಬಿಡಿಸುವ ಉಪಾಯ ಇದಾದರೆ ಬೇಡ ಕಣೋ. ಕೇಳುವುದಿದ್ದರೆ ನೇರವಾಗಿ ಕೇಳು.

ಹಾಗೇನೂ ಇಲ್ಲದಿದ್ದರೆ ಅವಳ ಬಗ್ಗೆ ಬರಿ. ಚೆನ್ನಾಗಿ ತಿನ್ನುತ್ತಾಳಾ? ಎಷ್ಟು ಬೇಗ ಬೆಳೆಯುತ್ತಾಳೆ? ಯಾವ ಔಷಧಿ ಹಾಕುತ್ತೀರಿ, ಹಾಕಿದರೆ ಏನು ಮಾಡುತ್ತಾಳೆ? ಒಂದೂ ಬಿಡದೆ ಬರಿ. ಇಷ್ಟು ದಿನ ಕೇಳಲಿಲ್ಲ ಎಂದು ದೂರಿದೆಯಲ್ಲ, ಈಗ ಕೇಳುತ್ತಿದ್ದೇನೆ.

ನಿನ್ನ ಅಕ್ಕ

ಫೆಬ್ರವರಿ 3

ಪ್ರೀತಿಯ ಅಕ್ಕ,

ಒಂದು ಅಡ್ಡಹೆಸರಿಗೆ ಇಷ್ಟು ರಾದ್ಧಾಂತವೇ! ಯಾರೂ ಏನೂ ಹೇಳಿಲ್ಲ ಮಹಾತಾಯಿ. ಹೇಳುವುದಕ್ಕೆ ಏನಿದೆ? ನಿನ್ನ ಹೆಸರು ಕೆಡುತ್ತದೆ ಎಂದಾದರೆ ಬದಲಿಸುತ್ತೇನೆ. ಆದರೆ ತಟ್ಟೆಗಳ ಮೇಲೆಲ್ಲ ಮಾರ್ಕರಿನಲ್ಲಿ ಬರೆದಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ. ಹಳೆಯ ಔಷಧಿಗಳು ಕಂಡಕಂಡದ್ದನ್ನೆಲ್ಲ ಹೊಡೆಯುತ್ತಿದ್ದವು. ಈಗಿನವು ಗುರಿ ನೋಡಿ ಹೊಡೆಯುತ್ತವೆ. ಮೊಂಡಿಯ ಮೈಮೇಲೆ 'ಬೆಳೆ, ಬೆಳೆ' ಎನ್ನುವ ಒಂದು ಸ್ವಿಚ್ಚು ಆನ್ ಆಗಿಯೇ ಸಿಕ್ಕಿಕೊಂಡಿದೆ. ಮೊದಲನೆಯ ಮಾತ್ರೆ ಹೋಗಿ ಆ ಸ್ವಿಚ್ಚನ್ನಷ್ಟೇ ಆಫ್ ಮಾಡುತ್ತದೆ. ವರ್ಷವೋ ಎರಡು ವರ್ಷವೋ ರೋಗಿ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಆಮೇಲೆ ಕೋಶ ಆ ಸ್ವಿಚ್ಚಿನ ಆಕಾರವನ್ನೇ ಚೂರು ಬದಲಿಸಿಕೊಳ್ಳುತ್ತದೆ, ಮಾತ್ರೆಗೆ ಹಿಡಿತ ಸಿಗುವುದಿಲ್ಲ. ಮೊಂಡಿ ಆ ಹಂತ ದಾಟಿಯೇ ಇಲ್ಲಿಗೆ ಬಂದವಳು. ಮೊದಲನೆಯ ಮಾತ್ರೆ ಎಷ್ಟು ಹಾಕಿದರೂ ಕ್ಯಾರೇ ಎನ್ನುವುದಿಲ್ಲ. ಬದಲಾದ ಆಕಾರಕ್ಕೆ ಹೊಂದುವ ಎರಡನೆಯ ಔಷಧಿ ಇದೆ. ಅದನ್ನು ಮುಂದಿನ ವಾರ ಹಾಕುತ್ತೇವೆ.

ನಿನ್ನ ಹತ್ತಿರ ಹೇಳುವುದಕ್ಕೇನು, ಅವಳು ಸಾಯಬಾರದು ಎಂದು ಒಳಗೊಳಗೇ ಆಸೆ ನನಗೆ. ಕೈಯಾರೆ ಸಾಕಿದ್ದಲ್ಲವೇ. ಆ ಹೆಂಗಸು ಯಾರೋ, ಪಾಪ. ನಲವತ್ತು ದಾಟಿದವಳು ಎಂದಷ್ಟೇ ಗೊತ್ತು. ಈ ಹೊತ್ತಿಗೆ ಇದ್ದಾಳೋ ಇಲ್ಲವೋ. ನಮ್ಮಲ್ಲಿಗೆ ನೀರು ಬರುವಷ್ಟರಲ್ಲಿ ಅಲ್ಲಿ ಸಾಮಾನ್ಯವಾಗಿ ಎಲ್ಲ ಮುಗಿಯುತ್ತ ಬಂದಿರುತ್ತದೆ.

ನಿನ್ನ ತಮ್ಮ

ಫೆಬ್ರವರಿ 15

ತಮ್ಮಾ,

ಅವಳು ಬದುಕಿದ್ದಾಳೆ. ನೋಡದ ಮನುಷ್ಯರನ್ನು ಹಾಗೆ ಸಾಯಿಸಬಾರದು. ನಿನ್ನ ಆ ಎರಡು ಸಾಲು ಓದಿ ಬಟ್ಟೆಗಂಟಿನ ಮೇಲೆಯೇ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಸಿಟ್ಟು ಬಂತು, ಆಮೇಲೆ ಅದೂ ಇಳಿಯಿತು. ನೀನು ಸುಮ್ಮನೆ ಬರೆದದ್ದು ಎಂದು ಗೊತ್ತಾಯಿತು.

ಸ್ವಿಚ್ಚಿನ ವಿಷಯ ನನಗೆ ಅರ್ಥವಾಗುತ್ತದೆ. ನಮ್ಮಲ್ಲೂ ಕೆಲವು ಕಲೆಗಳು ಹಾಗೆಯೇ. ಒಂದು ದ್ರವಕ್ಕೆ ಅರ್ಧ ಹೋಗಿ ಅಲ್ಲೇ ನಿಂತುಬಿಡುತ್ತವೆ, ಮತ್ತೆ ಅದನ್ನೇ ಎಷ್ಟು ಉಜ್ಜಿದರೂ ಬಟ್ಟೆ ಹರಿಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಆಗ ಬೇರೆ ದ್ರವ ಹಚ್ಚಬೇಕು. ಅದಕ್ಕೂ ಹೋಗದಿದ್ದರೆ ನಾನು ಬಟ್ಟೆಯನ್ನು ಹಾಗೇ ಮಡಿಸಿ ವಾಪಸು ಕೊಟ್ಟುಬಿಡುತ್ತೇನೆ. ಸುಮ್ಮನೆ ಹಿಂಸೆ ಮಾಡುವುದಿಲ್ಲ.

ಅಂದ ಹಾಗೆ, ಹೊಸದಾಗಿ ತರಿಸಿದ ಯಾವುದೋ ದ್ರವ ನನ್ನ ಕೈಗೆ ಆಗುತ್ತಿಲ್ಲ ಅನ್ನಿಸುತ್ತದೆ. ಬೆರಳ ತುದಿಗಳು ಸೀಳಿವೆ, ಉಗುರಿನ ಸುತ್ತ ಹುಣ್ಣು. ಪೆನ್ನು ಹಿಡಿಯುವುದೂ ಕಷ್ಟ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನಗೆ ನೆನಪಿದೆಯಾ, ಚಿಕ್ಕವನಿದ್ದಾಗ ಜ್ವರ ಬಂದರೆ ಕಹಿ ಔಷಧಿ ಕಂಡು ಮಂಚದ ಕೆಳಗೆ ನುಗ್ಗುತ್ತಿದ್ದೆ. ನಾನು ಮೊದಲ ಗುಟುಕು ಕುಡಿದು ತೋರಿಸಿ, ಬಾಯಿ ತೆರೆದು ನುಂಗಿದ್ದು ಖಾತ್ರಿ ಮಾಡಿದ ಮೇಲೆಯೇ ನೀನು ಹೊರಗೆ ಬರುತ್ತಿದ್ದದ್ದು. ನಿನ್ನ ಜ್ವರಕ್ಕೆ ನಾನೆಷ್ಟು ಔಷಧಿ ಕುಡಿದಿದ್ದೇನೋ ಲೆಕ್ಕವಿಲ್ಲ. ಯಾಕೋ ಈಗ ಅದೇ ನೆನಪಾಗುತ್ತಿದೆ.

ಎರಡನೆಯದನ್ನು ಹಾಕಿದ ಮೇಲೆ ಏನಾಯಿತು ಎಂದು ತಕ್ಷಣ ಬರಿ. ಮರೆಯಬೇಡ.

ನಿನ್ನ ಅಕ್ಕ

ಮಾರ್ಚ್ 6

ಅಕ್ಕಾ!

ಮೊಂಡಿ ಗೆದ್ದಳು!

ಎರಡನೆಯ ಔಷಧಿ ಹಾಕಿದೆವು. ಮೊದಲು ಹೆಚ್ಚುಕಡಿಮೆ ಎಲ್ಲ ಸತ್ತು ತೇಲಿದವು, ನನ್ನ ಮುಖ ಸಪ್ಪಗಾಯಿತು. ಚೆಲ್ಲುವುದಕ್ಕೆಂದು ತಟ್ಟೆ ಎತ್ತಿದವನು ಯಾಕೋ ಇನ್ನೊಂದು ಸಲ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದು ಮೂಲೆಯಲ್ಲಿ ಪುಟ್ಟ ಗುಂಪು, ಕೈ ಕೈ ಹಿಡಿದುಕೊಂಡು ಕೂತಿತ್ತು. ಬಿಟ್ಟು ನೋಡಿದೆ. ಈಗ ಅರ್ಧ ತಟ್ಟೆ ತುಂಬಿದೆ, ಅದೂ ಔಷಧಿಯ ನಡುವೆಯೇ!

ಎರಡನೆಯದಕ್ಕೂ ಸೊಪ್ಪು ಹಾಕದ ಕೋಶ ನಮ್ಮ ಲ್ಯಾಬಿನಲ್ಲಿ ಇದೇ ಮೊದಲು. ಮೇಡಂ ಕೇಕ್ ತರಿಸಿದರು. ಅದರ ಮೇಲೆ 'ಮೊಂಡಿ' ಎಂದು ಬರೆಸಿದ್ದೆ. ಕತ್ತರಿಸುವ ಗೌರವವೂ ನನ್ನದೇ. ನಿನ್ನ ಪಾಲಿನ ತುಂಡೂ ನಾನೇ ತಿಂದೆ. ನಿನ್ನ ಹೆಸರು ಸಾರ್ಥಕವಾಯಿತು ಅಕ್ಕ.

ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡು.

ನಿನ್ನ ತಮ್ಮ

ಮಾರ್ಚ್ 27

ಪ್ರೀತಿಯ ಅಕ್ಕ,

ಯಾಕೆ ಉತ್ತರವಿಲ್ಲ? ಫೋನ್ ಮಾಡಿದರೆ ಭಾವ "ಮಲಗಿದಾಳೆ" ಎನ್ನುತ್ತಾರೆ. ಸಂಜೆ ಐದಕ್ಕೆ ನೀನು ಮಲಗುವುದೇ? ಕೇಕಿನ ತುಂಡಿಗೆ ಕೋಪವಾದರೆ ಬಂದಾಗ ಕೊಡಿಸುತ್ತೇನೆ. ಲ್ಯಾಬಿನ ಗ್ಲೌಸ್ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ.

ಮೊಂಡಿ ಚೆನ್ನಾಗಿದ್ದಾಳೆ.

ನಿನ್ನ ತಮ್ಮ

ಏಪ್ರಿಲ್ 5

ತಮ್ಮಾ,

ಕೂತುಕೊಂಡು ಓದು. ನಿಂತು ಓದಬೇಡ.

ನಿನ್ನ ಮೊಂಡಿ ನಾನೇ ಕಣೋ.

ಎರಡು ವರ್ಷದ ಹಿಂದೆ ಕೆಮ್ಮು ಶುರುವಾಯಿತು. ಲಾಂಡ್ರಿಯ ಹಬೆಗೆ ಎಂದುಕೊಂಡೆ. ಅಲ್ಲ ಎಂದರು. ಮೊದಲನೆಯ ಮಾತ್ರೆಯಲ್ಲಿ ಒಂದೂವರೆ ವರ್ಷ ನಾನು ಯಾವ ಗುಂಡುಕಲ್ಲಿಗೂ ಕಡಿಮೆ ಇರಲಿಲ್ಲ, ನೀನೇ ಬಂದಾಗ ನೋಡಿದ್ದೆಯಲ್ಲ. ನವೆಂಬರಿನಲ್ಲಿ ಮತ್ತೆ ಉಸಿರು ಹಿಡಿಯಿತು. ಡಿಸೆಂಬರಿನಲ್ಲಿ ಎದೆಯಿಂದ ನೀರು ತೆಗೆದರು. ಅದರಲ್ಲಿ ಸ್ವಲ್ಪವನ್ನು ಸಂಶೋಧನೆಗೆ ಕಳಿಸಬಹುದಾ ಎಂದು ಡಾಕ್ಟರ್ ಕೇಳಿದರು. ಎಲ್ಲಿಗೆ ಎಂದೆ. ನಿನ್ನ ಸಂಸ್ಥೆಯ ಹೆಸರು ಹೇಳಿದರು. "ಅಲ್ಲಿ ನನ್ನ ತಮ್ಮ ಇದಾನೆ, ಕಳಿಸಿ" ಎಂದೆ. ಬೇರೆ ಯಾರ ಕೈಗೋ ಹೋಗುವುದಕ್ಕಿಂತ ನಿನ್ನ ಕೈಗೆ ಹೋಗಲಿ ಎಂದೇ ಒಪ್ಪಿದ್ದು.

ನಿನಗೆ ಹೇಳಬಾರದು ಎಂದು ನಿಮ್ಮ ಭಾವನಿಂದ ಮಾತು ತೆಗೆದುಕೊಂಡಿದ್ದೆ. ಅಮ್ಮ ಹೋದಾಗ ನೀನು ಒಂದು ವರ್ಷ ಓದು ಬಿಟ್ಟು, ಮಾತು ಬಿಟ್ಟು ಗೋಡೆ ನೋಡುತ್ತ ಕೂತವನು. ಮತ್ತೆ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಧ್ವನಿ ಒಡೆದುಹೋಗಿದೆ, ಫೋನಿನಲ್ಲಿ ಒಂದು ಮಾತು ಆಡಿದರೂ ನಿನಗೆ ಗೊತ್ತಾಗುತ್ತಿತ್ತು. ಅದಕ್ಕೇ ಕಾಗದ. ಸಾಹಿತ್ಯವೂ ಇಲ್ಲ, ಮಣ್ಣೂ ಇಲ್ಲ. ನೀನು ಮೊಂಡಿ ಎಂದು ಹೆಸರಿಟ್ಟಾಗ ಎಲ್ಲ ತಿಳಿದೇ ಬರೆದೆ ಎಂದುಕೊಂಡಿದ್ದೆ.

ಬೆರಳು ಸೀಳಿದ್ದು ಯಾವ ದ್ರವಕ್ಕೂ ಅಲ್ಲ. ಜನವರಿಯಿಂದ ನಾನು ನುಂಗುತ್ತಿದ್ದದ್ದು ಆ ಎರಡನೆಯ ಔಷಧಿಯನ್ನೇ. ನೀನು ಮೊಂಡಿ ಗೆದ್ದಳು ಎಂದು ಬರೆದೆಯಲ್ಲ, ಅವತ್ತೇ ಮಾತ್ರೆ ಡಬ್ಬಿಯನ್ನು ಮೇಲಿನ ಕಪಾಟಿಗೆ ಹಾಕಿಬಿಟ್ಟೆ. ಹೋಗದ ಕಲೆಯನ್ನು ನಾನು ಉಜ್ಜುವುದಿಲ್ಲ. ನಿಮ್ಮ ಭಾವನಿಗೆ ಗೊತ್ತಿಲ್ಲ. ಈಗ ಮತ್ತೆ ಮೆಟ್ಟಿಲು ಹತ್ತಲಾಗುತ್ತಿಲ್ಲ.

ನಿನ್ನ ತಪ್ಪಿಲ್ಲ. ಕೇಕ್ ತಿಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮುಚ್ಚಿಟ್ಟದ್ದು ನಾನು.

ನಿನ್ನ ಅಕ್ಕ

ಏಪ್ರಿಲ್ 8

ಅಕ್ಕ,

ಏನು ಬರೆಯುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲ.

ನಿನ್ನ ಕಾಗದ ಓದಿದ್ದು ಲ್ಯಾಬಿನಲ್ಲಿ. ಎದುರಿಗೆ ತಟ್ಟೆ ಇತ್ತು. ತಟ್ಟೆಯ ಮೇಲೆ ನನ್ನದೇ ಅಕ್ಷರದಲ್ಲಿ ಮೊಂಡಿ ಎಂದಿತ್ತು. ಆಗಷ್ಟೇ ಪೋಷಕ ದ್ರವ ಬದಲಿಸಿದ್ದೆ. ಆಮೇಲೆ ಭಾವನಿಗೆ ಫೋನ್ ಮಾಡಿ ಕಿರುಚಿದೆನಂತೆ, ನನಗೆ ನೆನಪಿಲ್ಲ. ಅವರು ಸ್ಟೂಲ್ ಹತ್ತಿ ಕಪಾಟಿನಿಂದ ಡಬ್ಬಿ ತೆಗೆದು, "ತುಂಬಿದೆ ಕಣಪ್ಪ, ಹಾಗೇ ತುಂಬಿದೆ" ಎಂದು ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಸಂಜೆಯೇ ನಿನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದು ಮಾತ್ರೆ ಮತ್ತೆ ಶುರು ಮಾಡಿಸಿದರು ಎಂದು ತಿಳಿಯುವ ತನಕ ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದೆ. ಆಗಲೂ ನೀನು ಫೋನಿಗೆ ಬರಲಿಲ್ಲ.

ಏನು ಮಾಡಿಕೊಂಡೆ ಅಕ್ಕ! ಯಾರನ್ನು ಕೇಳಿ ನಿಲ್ಲಿಸಿದೆ? ಆ ತಟ್ಟೆಯಲ್ಲಿ ಉಳಿದದ್ದು ಒಂದು ಮೂಲೆ. ಮಿಕ್ಕದ್ದೆಲ್ಲ ಸತ್ತಿತ್ತು. ಹಾಗೆಂದು ಒಂದು ಸಾಲು ಬರೆದು, ಉಳಿದ ಮೂಲೆಯದ್ದನ್ನು ಪುಟ ತುಂಬ ಮೆರೆಸಿದವನು ನಾನು. ಆ ಮಾತ್ರೆ ನಿನ್ನೊಳಗೆ ಎಷ್ಟೋ ಕೆಲಸ ಮಾಡುತ್ತಿತ್ತು. ನನ್ನ ಒಂದು ಕಾಗದ ಅದನ್ನು ನಿಲ್ಲಿಸಿತು. ಕೇಕಿನ ಮೇಲೆ ನಿನ್ನ ಹೆಸರು ಬರೆಸಿ ಚಾಕು ಹಾಕಿದೆನಲ್ಲ, ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಮೇಡಂಗೆ ಎಲ್ಲ ಹೇಳಿದೆ. ಅವರು ಆಸ್ಪತ್ರೆಗೆ ಕೇಳಿ ನಂಬರ್ ತಾಳೆ ಹಾಕಿ ನೋಡಿದರು, ನಿನ್ನದೇ. ಆಮೇಲೆ, "ನಿಯಮದ ಪ್ರಕಾರ ನಿನ್ನನ್ನ ಈ ಕೆಲಸದಿಂದ ತೆಗೀಬೇಕು" ಎಂದರು. ನಾನು ಹೊರಡಲು ಎದ್ದಾಗ, "ಮೇಲಿನವರ ಹತ್ರ ನಾನು ಮಾತಾಡ್ತೀನಿ. ಸಾಕೋದು ನೀನೇ ಸಾಕು. ಆದರೆ ಯಾವ ತಟ್ಟೆಗೆ ಯಾವ ಔಷಧಿ ಹೋಯ್ತು ಅಂತ ನಿನಗೆ ಗೊತ್ತಾಗಬಾರದು. ಲೆಕ್ಕ ಬೇರೆಯವರು ಹಾಕ್ತಾರೆ" ಎಂದರು.

ಆ ಮೂಲೆಯಲ್ಲಿ ಉಳಿದವುಗಳನ್ನು ಕಳೆದ ತಿಂಗಳೇ ಪರೀಕ್ಷೆ ಮಾಡಿಸಿದ್ದೇವೆ. ಮೊದಲ ಸ್ವಿಚ್ಚು ಆಫ್ ಆದದ್ದನ್ನು ನೋಡಿ ಅವು ಪಕ್ಕದಲ್ಲಿ ಇನ್ನೊಂದು ಸ್ವಿಚ್ಚು ಹಾಕಿಕೊಂಡಿವೆ. ಅದನ್ನು ಆಫ್ ಮಾಡುವ ಔಷಧಿಯೂ ಇದೆ. ಎರಡನ್ನೂ ಒಟ್ಟಿಗೆ ಕೊಟ್ಟು ನೋಡಬೇಕು. ನನಗೆ ಈಗಲೇ ಹೊರಟು ಬರಬೇಕು ಅನ್ನಿಸುತ್ತದೆ. ಬಂದರೆ ಇಲ್ಲಿ ಇವಳನ್ನು ನೋಡಿಕೊಳ್ಳುವವರು ಯಾರು? ಏನು ಮಾಡಲಿ ಹೇಳು.

ತಮ್ಮ

ಏಪ್ರಿಲ್ 17

ತಮ್ಮಾ,

ಬರಬೇಡ. ಇಲ್ಲಿ ಬಂದು ನನ್ನ ಮುಖ ನೋಡುತ್ತ ಕೂತು ಏನು ಮಾಡುತ್ತೀಯ? ಅಲ್ಲೇ ಇರು.

ಮತ್ತೆ ನೀರು ತೆಗೆದರು. ಈಗ ಕೂತು ಬರೆಯುವಷ್ಟು ಉಸಿರಿದೆ. ನಿಮ್ಮ ಭಾವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾರೆ, ನಾನು ನಿನಗೆ ತೋರಿಸುತ್ತಿದ್ದೆನಲ್ಲ ಹಾಗೆ. ಡಾಕ್ಟರ್ ಕೂಡ ಎಲ್ಲರೆದುರಿಗೆ ಚೆನ್ನಾಗಿ ಬೈದರು. ತಟ್ಟೆ ಬೇರೆ, ಮನುಷ್ಯ ಬೇರೆ ಅಂತ ನಿಮ್ಮ ತಮ್ಮ ನಿಮಗೆ ಹೇಳಲಿಲ್ವಾ ಎಂದು ಕೇಳಿದರು. ಅದು ನಾನೆಂದು ಅವನಿಗೇ ಗೊತ್ತಿರಲಿಲ್ಲ ಎಂದೆ.

ಹೆದರಿಕೆ ಆಗುತ್ತಿದೆ ಕಣೋ. ಇಷ್ಟು ದಿನ ಆಗುತ್ತಿರಲಿಲ್ಲ. ಕಪಾಟಿಗೆ ಡಬ್ಬಿ ಹಾಕಿದ ದಿನ ಆರಾಮಾಗಿ ನಿದ್ದೆ ಬಂದಿತ್ತು. ಈಗ ಮತ್ತೆ ಬದುಕಬೇಕು ಎಂದು ಆಸೆ ಹುಟ್ಟಿಸಿಬಿಟ್ಟೆ, ನಿದ್ದೆ ಹಾರಿಹೋಗಿದೆ.

ನೀನು ಅವಳನ್ನು ಬಹಳ ಚೆನ್ನಾಗಿ ಸಾಕಿದೆ. ಮುದ್ದು ಮಾಡಿದೆ, ಹೆಸರಿಟ್ಟೆ, ಕೇಕ್ ಕತ್ತರಿಸಿದೆ. ಸಾಕು. ಈಗ ಅವಳನ್ನು ಕೊಲ್ಲು. ಹಿಂದೆ ಮುಂದೆ ನೋಡಬಾರದು. ನನ್ನ ಹೆಸರಿದೆ ಎಂದು ಕರುಣೆ ತೋರಿಸಿದೆಯೋ, ನಾನು ಸತ್ತರೂ ನಿನ್ನ ಜೊತೆ ಮಾತಾಡುವುದಿಲ್ಲ.

ಅಕ್ಕ

ಮೇ 14

ಪ್ರೀತಿಯ ಅಕ್ಕ,

ಮೇಡಂ ನಾಲ್ಕು ತಟ್ಟೆ ಮಾಡಿಸಿದರು. ನಾಲ್ಕರಲ್ಲೂ ನೀನೇ. ಒಂದಕ್ಕೆ ಏನೂ ಹಾಕಿಲ್ಲ. ಒಂದಕ್ಕೆ ನಿನ್ನ ಎರಡನೆಯ ಔಷಧಿ, ಒಂದಕ್ಕೆ ಹೊಸದು ಮಾತ್ರ, ಒಂದಕ್ಕೆ ಎರಡೂ. ಬರಹದ ಮೇಲೆ ದಪ್ಪ ಕಾಗದ ಅಂಟಿಸಿದ್ದರು, ಯಾವುದು ಯಾವುದೆಂದು ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಬಂದವನೇ ಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದೆ. ಮೂರು ತಟ್ಟೆಗಳು ಒಂದಲ್ಲ ಒಂದು ರೀತಿ ಬೆಳೆಯುತ್ತಲೇ ಇದ್ದವು. ನಾಲ್ಕನೆಯದು ಮಾತ್ರ ತಿಳಿಯಾಗುತ್ತ ಬಂತು.

ಸತ್ತ ಕೋಶಗಳು ತಟ್ಟೆಯನ್ನು ಬಿಟ್ಟು ತೇಲುತ್ತವೆ ಅಕ್ಕ. ಮೊದಲು ಅಂಚಿನವು, ಆಮೇಲೆ ನಡುವಿನವು. ಅಪ್ಪ ಗೇಟಿನಿಂದ ಬೆರಳು ಬಿಡಿಸಿದ ಹಾಗೆಯೇ. ಈ ಸಲ ಬಿಟ್ಟ ಬೆರಳು ಮತ್ತೆ ಹಿಡಿಯಲಿಲ್ಲ. ನಾನು ಸಾಕಿದವಳು ನನ್ನ ಕಣ್ಣೆದುರೇ ಸಾಯುತ್ತಿದ್ದರೆ, ಬೇಗ, ಇನ್ನೂ ಬೇಗ ಎಂದು ಹಲ್ಲು ಕಚ್ಚಿ ಕೂತಿದ್ದೆ. ಪೂರ್ತಿ ಮುಗಿಯಿತು ಎನ್ನಿಸಿದ ಮೇಲೂ ಆ ಮೂಲೆಯನ್ನು ದಿನಾ ನೋಡಿದೆ. ಖಾಲಿ ಇತ್ತು. ನನ್ನ ಕಣ್ಣನ್ನು ನಾನೇ ನಂಬದೆ ಬೇರೆಯವರನ್ನು ಕರೆದು ತೋರಿಸಿದೆ. ಖಾಲಿಯೇ.

ನಿನ್ನೆ ಮೇಡಂ ಕಾಗದ ಕಿತ್ತರು. ತಿಳಿಯಾದ ತಟ್ಟೆಯಲ್ಲಿ ಎರಡೂ ಔಷಧಿ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಈ ಸಲ ಕೇಕ್ ಇಲ್ಲ.

ತಟ್ಟೆ ಬೇರೆ, ಮನುಷ್ಯ ಬೇರೆ. ನಿಮ್ಮ ಡಾಕ್ಟರು ಹೇಳಿದ್ದನ್ನು ನಾನೂ ಹೇಳುತ್ತೇನೆ, ಮೊದಲೇ ಹೇಳಬೇಕಿತ್ತು. ಮೇಡಂ ಆಸ್ಪತ್ರೆಗೆ ವರದಿ ಕಳಿಸಿದ್ದಾರೆ. ಅವರು ನಿನ್ನ ಎದೆಯಿಂದ ಸೂಜಿಯಲ್ಲಿ ಚೂರು ತೆಗೆದು, ಆ ಇನ್ನೊಂದು ಸ್ವಿಚ್ಚು ಅಲ್ಲೂ ಇದೆಯಾ ಎಂದು ನೋಡಿ ತೀರ್ಮಾನ ಮಾಡುತ್ತಾರೆ. ಅವರು ಹೇಳಿದ್ದನ್ನಷ್ಟೇ ಕೇಳು. ನಾನು ಬರೆದದ್ದನ್ನು ನೋಡಿ ಒಂದು ಮಾತ್ರೆಯನ್ನೂ ನುಂಗಬೇಡ, ಒಂದನ್ನೂ ಬಿಡಬೇಡ.

ನಿನ್ನ ತಮ್ಮ

ಆಗಸ್ಟ್ 2

ತಮ್ಮಾ,

ನಿನಗೆ ಭಾವ ವಿಷಯ ಮುಟ್ಟಿಸಿದ್ದಾರೆ, ಗೊತ್ತು. ಆದರೂ ನಾನೇ ಬರೆಯಬೇಕು.

ಸೂಜಿ ಪರೀಕ್ಷೆಯಲ್ಲಿ ನಿನ್ನ ಆ ಎರಡನೆಯ ಸ್ವಿಚ್ಚು ಸಿಕ್ಕಿತು. ಎರಡೂ ಮಾತ್ರೆ ಶುರುವಾಯಿತು. ಕಾಲು ಊದಿ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ, ಭಾವನ ಚಪ್ಪಲಿ ಹಾಕಿಕೊಂಡೇ ಓಡಾಡಿದೆ. ಮುಖದ ತುಂಬ ಗುಳ್ಳೆ, ಹದಿನಾರರ ಹುಡುಗಿಯ ಹಾಗೆ. ಹೊಟ್ಟೆಯ ಕಥೆ ಬರೆಯುವಂಥದ್ದಲ್ಲ.

ಮೊನ್ನೆ ಸ್ಕ್ಯಾನ್ ನೋಡಲು ಕರೆದರು. ಡಾಕ್ಟರ್ ಕಂಪ್ಯೂಟರ್ ಪರದೆಯ ಮುಂದೆ ಕೂತರು. ಹಳೆಯ ಚಿತ್ರ ತೆಗೆದರು, ಹೊಸದು ತೆಗೆದರು, ಮತ್ತೆ ಹಳೆಯದು. ಎದ್ದು ಹೋಗಿ ಇನ್ನೊಬ್ಬ ಡಾಕ್ಟರನ್ನು ಕರೆತಂದರು. ಮುಗಿಯಿತು ಎಂದುಕೊಂಡೆ. ನಿಮ್ಮ ಭಾವ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿ ಗುರುತು ಬಿತ್ತು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನೀರಿಲ್ಲ. ಗಡ್ಡೆ ಅರ್ಧಕ್ಕಿಂತಲೂ ಕಡಿಮೆಯಾಗಿದೆ.

ಕೆಟ್ಟದ್ದನ್ನು ಕೇಳುವುದಕ್ಕೇ ತಯಾರಾಗಿ ಹೋಗಿದ್ದೆ. ಬಾಯಿಂದ ಬಂದದ್ದು, "ಡಾಕ್ಟ್ರೇ, ನಿಮ್ಮ ಕಿಟಕಿ ಬಟ್ಟೆಗೆ ಇಂಕ್ ಬಿದ್ದಿದೆ, ಕಳಿಸಿಕೊಡಿ, ತೆಗೆದುಕೊಡ್ತೀನಿ." ಇಬ್ಬರು ಡಾಕ್ಟರೂ ಬೆಪ್ಪಾಗಿ ಕಿಟಕಿ ನೋಡಿದರು. ಹೊರಗೆ ಬಂದ ಮೇಲೆ ಭಾವ ವ್ಯಾನಿನಲ್ಲಿ ಕೂತು ಬಹಳ ಹೊತ್ತು ಕೀಲಿ ತಿರುಗಿಸಲೇ ಇಲ್ಲ.

ವಾಸಿಯಾಗಿದೆ ಎಂದು ಅವರು ಹೇಳಿಲ್ಲ. ಮುಂದೆ ಇದಕ್ಕೂ ಬಗ್ಗದೆ ಹೋಗಬಹುದು, ಆಗ ಇನ್ನೊಂದು ಹುಡುಕಬೇಕು ಎಂದರು. ಇರಲಿ. ಅಲ್ಲಿರುವ ಅವಳು ಏನಾದಳು? ಪೂರ್ತಿ ಮುಗಿದಳಾ?

ನಿನ್ನ ಅಕ್ಕ

ಆಗಸ್ಟ್ 12

ಪ್ರೀತಿಯ ಅಕ್ಕ,

ನಿನಗೆ ಸುಳ್ಳು ಹೇಳುವುದಿಲ್ಲ. ಮುಗಿದಿಲ್ಲ.

ಔಷಧಿ ಹಾಕುವ ಮೊದಲೇ ಅವಳ ಒಂದಷ್ಟು ಪಾಲನ್ನು ಪುಟ್ಟ ಪುಟ್ಟ ಕೊಳವೆಗಳಲ್ಲಿ ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದೇವೆ. ಅದು ನಮ್ಮ ಪದ್ಧತಿ. ಹೊರಗೆ ತೆಗೆದು ಬೆಚ್ಚಗೆ ಮಾಡಿದರೆ ಮತ್ತೆ ಬೆಳೆಯುತ್ತಾಳೆ. ಎಷ್ಟು ವರ್ಷ ಬಿಟ್ಟು ತೆಗೆದರೂ ಬೆಳೆಯುತ್ತಾಳೆ. ನಾವೆಲ್ಲ ಇಲ್ಲದ ಮೇಲೂ. ಫ್ರೀಜರಿನ ಬಾಗಿಲು ತೆಗೆದಾಗಲೆಲ್ಲ ಬಿಳಿ ಹೊಗೆಯ ನಡುವೆ ಆ ಹೆಸರು ಕಾಣುತ್ತದೆ. ನಿನ್ನನ್ನು ಕೊಲ್ಲಲು ಹೊರಟದ್ದನ್ನು ನಾನು ಜೋಪಾನವಾಗಿ ಕಾಯುತ್ತಿದ್ದೇನೆ.

ಬೇರೆ ಲ್ಯಾಬುಗಳವರೂ ಅವಳನ್ನು ಕೇಳುತ್ತಿದ್ದಾರೆ. ಆದರೆ ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯುವ ಹಕ್ಕು ನಿನಗಿದೆ ಎಂದು ಮೇಡಂ ಹೇಳಿದರು. ನೀನು ಒಂದು ಮಾತು ಹೇಳು. ಎಲ್ಲ ಕೊಳವೆಗಳನ್ನೂ ನನ್ನ ಕೈಯಾರೆ ನಾಶ ಮಾಡುತ್ತೇನೆ. ಸಂತೋಷದಿಂದ ಮಾಡುತ್ತೇನೆ.

ನಿನ್ನ ತಮ್ಮ

ಆಗಸ್ಟ್ 24

ತಮ್ಮಾ,

ನಿನ್ನ ಕಾಗದ ಓದಿ ಬೆಚ್ಚಿಬಿದ್ದೆ. ನಾನು ಇಲ್ಲದ ಮೇಲೂ ನಾನು ಇರುತ್ತೇನೆ, ಅದೂ ನನ್ನೊಳಗಿನ ಅತಿ ಕೆಟ್ಟ ಭಾಗ! ಮೊದಲು ಬಂದ ಯೋಚನೆ, ಸುಟ್ಟುಬಿಡು ಎಂದು. ಹಾಗೆಂದೇ ಒಂದು ಕಾಗದ ಬರೆದೂ ಇದ್ದೆ. ಅಂಚೆಗೆ ಹಾಕುವ ಮೊದಲು ಹರಿದೆ.

ಇಟ್ಟುಕೋ. ಕೇಳಿದವರಿಗೆ ಕೊಡು. ಆದರೆ ಒಂದು ಮಾತು. ಮುಂದೆ ಈ ಎರಡು ಮಾತ್ರೆಗೂ ನನ್ನದು ಬಗ್ಗದೆ ಹೋದರೆ, ಹೊಸದು ಯಾವುದೇ ಬರಲಿ, ಎಷ್ಟೇ ಕಹಿ ಇರಲಿ, ಮೊದಲು ಅವಳಿಗೆ ಕುಡಿಸು. ನನಗೆ ಕೊಡುವ ಮೊದಲು, ನನ್ನಂಥ ಇನ್ಯಾವಳಿಗೋ ಕೊಡುವ ಮೊದಲು. ಅವಳು ನುಂಗಿ ಬಾಯಿ ತೆರೆದು ತೋರಿಸಲಿ. ಆಮೇಲೆ ನಾವು ಮಂಚದ ಕೆಳಗಿನಿಂದ ಹೊರಗೆ ಬರುತ್ತೇವೆ.

ಹೆಸರು ಬದಲಿಸಬೇಡ. ಮೊಂಡಿ ಎಂದೇ ಇರಲಿ.

ಮತ್ತೆ ಈ ಕಾಗದದ ಸಹವಾಸ ಸಾಕು, ಬೆರಳು ಇನ್ನೂ ಪೂರ್ತಿ ಮಾಗಿಲ್ಲ. ಭಾನುವಾರ ಮಷಿನ್ ನಿಲ್ಲಿಸಿರುತ್ತೇನೆ. ಫೋನ್ ಮಾಡು, ನಾನೇ ಎತ್ತುತ್ತೇನೆ. ಧ್ವನಿ ಮೊದಲಿನ ಹಾಗಿಲ್ಲ. ಯಾರೋ ಎಂದುಕೊಂಡು ಇಟ್ಟುಬಿಡಬೇಡ.

ನಿನ್ನ ಅಕ್ಕ